ಕೈ ತೊಳೆಯುವ ಸಿಂಕಿನಲ್ಲಿ ಸಿಕ್ಕಿದ್ದು

ಸಿಂಕಿನ ಕೆಳಗಿನ ಬಾಗಿದ ಕೊಳವೆಯನ್ನು ತಿರುಗಿಸಿ ಬಿಚ್ಚಿದ ಕೂಡಲೇ ಅದು ಮೂಗಿಗೆ ಬಡಿಯಿತು. ಕೆಟ್ಟ ನಾತವಾಗಿದ್ದರೆ ನಾನು ಅಷ್ಟು ಹೇಸುತ್ತಿರಲಿಲ್ಲ. ಬಂದದ್ದು ಸಿಹಿ ವಾಸನೆ, ಡಬ್ಬಿಯಲ್ಲಿ ಹಾಕಿ ಮರೆತುಬಿಟ್ಟ ದ್ರಾಕ್ಷಿಯದು.

ಹಿಂದೆಯೇ ಲೋಳೆ ಇಳಿಯಿತು. ಬೂದು ಬಣ್ಣ, ಅಂಚಿನಲ್ಲಿ ಹಸಿರು. ನಾನು ಹಿಡಿದಿದ್ದ ಪ್ಲಾಸ್ಟಿಕ್ ಡಬ್ಬಿಯೊಳಗೆ ಅದು ಒಂದೇ ಸಲಕ್ಕೆ ಬೀಳದೆ, ಎಳೆ ಎಳೆಯಾಗಿ ಜೋತು, ಕೊನೆಗೆ ಪಚಕ್ಕೆಂದು ಕೂತಿತು. ಮೂವತ್ತೊಂದು ವರ್ಷ ಲ್ಯಾಬಿನಲ್ಲಿ ಕಫ, ಕೀವು, ಮಲ ಎಲ್ಲವನ್ನೂ ನೋಡಿ, ಆಮೇಲೆ ಹಾಯಾಗಿ ಊಟಕ್ಕೆ ಕೂತವಳು ನಾನು. ಅವತ್ತು ನಾನೇ ಮುಖ ಆಚೆ ತಿರುಗಿಸಿದೆ.

"ಮೇಡಂ, ಚಿಕ್ಕ ಸಿಸ್ಟರ್ ಈ ಕಡೆ ಬರ್ತಿದಾರೆ," ಪರದೆಯ ಆಚೆಯಿಂದ ಟೈಲರಮ್ಮ ಪಿಸುಗುಟ್ಟಿದಳು.

"ಎರಡೇ ನಿಮಿಷ. ಮಾತಾಡಿಸ್ತಾ ಇರಿ."

"ಏನಂತ ಮಾತಾಡಿಸ್ಲಿ?"

"ನಿಮ್ಮ ಕೋಟಿನ ತೋಳು ಸರಿಯಾಗಿ ಕೂತಿಲ್ಲ, ಯಾರು ಹೊಲಿದಿದ್ದು ಅನ್ನಿ. ಅಲ್ಲಿಂದ ಕದಲೋಲ್ಲ."

ಐದು ವಾರಗಳಲ್ಲಿ ಈ ತೀವ್ರ ನಿಗಾ ಘಟಕದಲ್ಲಿ ನಾಲ್ಕು ಜನ ಹಸಿರು ಕೀವಿನಿಂದ ಸತ್ತಿದ್ದರು, ನಾಲ್ವರ ವರದಿಯಲ್ಲೂ 'ರೋಗಾಣು ಬೆಳೆದಿಲ್ಲ' ಎಂದೇ ಇತ್ತು, ಈಗ ಮೂರನೇ ಮಂಚದಲ್ಲಿ ಟೈಲರಮ್ಮನ ತಮ್ಮ ಮಲಗಿದ್ದ. ಅಂಗಡಿ ಬೋರ್ಡುಗಳಿಗೆ ಬಣ್ಣ ಬರೆಯುವವನು. ಏಣಿಯಿಂದ ಬಿದ್ದು ತೊಡೆಯ ಮೂಳೆ ಮುರಿದುಕೊಂಡಿದ್ದ. ಸರಳು ಹಾಕಿ ಮೂಳೆ ಕೂಡಿಸಿದರು, ಮೇಲಿನ ಹೊಲಿಗೆ ಮಾತ್ರ ಕೂಡಲಿಲ್ಲ. ಅವನನ್ನು ಎತ್ತಿ ಆಡಿಸಿ ಬೆಳೆಸಿದ ಅಕ್ಕ ನನ್ನ ಮನೆ ಬಾಗಿಲಿಗೆ ಬಂದು, "ನೀವು ಮೂಗು ಮೇಡಂ ಅಲ್ವಾ? ವಾಸನೆಯಲ್ಲೇ ರೋಗ ಹೇಳ್ತಿದ್ರಂತೆ," ಎಂದು ಅಳತೊಡಗಿದ್ದಳು. ಭೇಟಿಯ ಚೀಟಿಯಲ್ಲಿ ಈಗ ನಾನು ರೋಗಿಯ ಸೋದರತ್ತೆ. ನನಗೆ ಅಣ್ಣತಮ್ಮಂದಿರೇ ಇಲ್ಲ, ಆ ಮಾತು ಬೇರೆ.

ಇಕ್ಕಳದಿಂದ ಲೋಳೆಯನ್ನು ಕೆದಕಿದೆ. ಒಳಗಿಂದ ಚಿಕ್ಕ ಚಿಕ್ಕ ಗುಂಡಗಿನ ತುಂಡುಗಳು ಸಿಕ್ಕವು. ಔಷಧದ ಸೀಸೆಗಳ ಬಾಯಿಗೆ ಹಾಕಿರುತ್ತಾರಲ್ಲ, ಆ ರಬ್ಬರ್ ಬಿರಡೆಗಳು. ಹದಿನಾರೋ ಹದಿನೇಳೋ ಇದ್ದವು, ಹೆಚ್ಚಿನವು ಬೂದು ಬಣ್ಣದವು, ಲೋಳೆ ಮೆತ್ತಿಕೊಂಡು ಜಾರುತ್ತಿದ್ದವು.

ಎರಡು ಮಾತ್ರ ಕಿತ್ತಳೆ ಬಣ್ಣದವು. ಅವು ಲೋಳೆಯ ಮೇಲ್ಗಡೆ ಇದ್ದವು, ಹೊಸದಾಗಿ ಹೊಳೆಯುತ್ತಿದ್ದವು. ನಡುವೆ ಸೂಜಿ ಚುಚ್ಚಿದ ಗುರುತಿತ್ತು. ಅವನ್ನು ಬೇರೆ ಪೊಟ್ಟಣಕ್ಕೆ ಹಾಕಿ ಕೈಚೀಲದಲ್ಲಿಟ್ಟುಕೊಂಡೆ. ಕೊಳವೆಯನ್ನು ಮತ್ತೆ ಬಿಗಿ ಮಾಡಿದೆ.

ಇನ್ನೊಂದು ಪರೀಕ್ಷೆ ಬಾಕಿಯಿತ್ತು. ಸಿಂಕಿನ ಪಕ್ಕಕ್ಕೆ ಗೇಣುದ್ದ ದೂರದಲ್ಲಿ ಗಾಯಕ್ಕೆ ಪಟ್ಟಿ ಕಟ್ಟುವ ಸಾಮಾನಿನ ಗಾಡಿ ನಿಂತಿತ್ತು. ಅದರ ಮೇಲೆ ನನ್ನ ತಿಳಿನೀಲಿ ಕರವಸ್ತ್ರ ಹಾಸಿ, ನಲ್ಲಿ ಪೂರ್ತಿ ತಿರುಗಿಸಿದೆ. ನೀರು ನೇರ ತೂತಿನೊಳಕ್ಕೇ ಧುಮುಕಿತು. ತೂತಿಗೆ ಜಾಲರಿಯೇ ಇರಲಿಲ್ಲ. ಹತ್ತು ಎಣಿಸಿ ನಲ್ಲಿ ನಿಲ್ಲಿಸಿ ನೋಡಿದರೆ ಕರವಸ್ತ್ರದ ತುಂಬ ಸಣ್ಣ ಸಣ್ಣ ಕಪ್ಪು ಚುಕ್ಕಿ. ಒಂದೊಂದೂ ಆ ಕೊಳವೆಯಿಂದ ಹಾರಿ ಬಂದ ಹನಿ.

ಅಂದರೆ ಇಲ್ಲಿ ಯಾರು ಎಷ್ಟು ಸಲ ಕೈ ತೊಳೆದರೋ ಅಷ್ಟು ಸಲ ಆ ಹೊಲಸು ಹತ್ತಿಯ ಮೇಲೆ, ಕತ್ತರಿಯ ಮೇಲೆ, ತೊಳೆದ ಕೈಯ ಮೇಲೆಯೇ ಬಿದ್ದಿದೆ. ಟೈಲರಮ್ಮ ದಿನಕ್ಕೆ ಎರಡು ಹೊತ್ತು ಇಲ್ಲೇ ಮೊಣಕೈವರೆಗೂ ಸೋಪು ಹಚ್ಚಿ ತೊಳೆದು, ಆಮೇಲೆ ತಮ್ಮನ ಮೈ ಒರೆಸುತ್ತಿದ್ದಳು. ಅದನ್ನು ಅವಳಿಗೆ ಹೇಳುವ ಬಾಯಿ ನನಗಿರಲಿಲ್ಲ. ಥೂ, ಎಂಥ ಜಾಗವಪ್ಪಾ ಇದು!

"ಅತ್ತೆಯವರು ಸಿಂಕಿನ ಹತ್ತಿರ ಏನ್ ಮಾಡ್ತಿದೀರ?"

ಪರದೆ ಸರಿಸಿ ಚಿಕ್ಕ ಸಿಸ್ಟರ್ ನಿಂತಿದ್ದಳು. ಇಪ್ಪತ್ಮೂರು ಇಪ್ಪತ್ನಾಲ್ಕು ವಯಸ್ಸು, ಅತ್ತು ಕೆಂಪಾದ ಕಣ್ಣು. ಎಡಗೈಯಲ್ಲಿ ರೋಗಿಗಳ ಪಟ್ಟಿ, ಬಲಗೈ ಕೋಟಿನ ಜೇಬಿನೊಳಗೆ.

"ಉಂಗುರ ಬಿದ್ದೋಯ್ತು ಕಣಮ್ಮಾ. ಜಾಲರಿ ಬೇರೆ ಇಲ್ಲ ನೋಡು."

"ಕನ್ನಡಿ ಸಿಸ್ಟರ್ ತೆಗೆಸಿಬಿಟ್ರು. ಎಷ್ಟು ತಿಕ್ಕಿದ್ರೂ ಕಪ್ಪಾಗೇ ಕಾಣುತ್ತೆ, ನೋಡಿದೋರಿಗೆ ಅಸಹ್ಯ ಅಂತ."

ಕನ್ನಡಿ ಸಿಸ್ಟರ್ ಎಂದರೆ ಈ ಘಟಕದ ಮುಖ್ಯ ದಾದಿ. ಅವಳ ಕೈಕೆಳಗೆ ನೆಲದಲ್ಲಿ ಮುಖ ಕಾಣಬೇಕಂತೆ, ಅದಕ್ಕೇ ಆ ಹೆಸರು. ಎಂಟು ದಿನದಿಂದ ರಜೆಯಲ್ಲಿದ್ದಾಳೆಂದು ಎಲ್ಲರೂ ಹೇಳುತ್ತಿದ್ದರು. ಮುಂದಿನ ವಾರ ಆಸ್ಪತ್ರೆಗೆ ಸ್ವಚ್ಛತೆಯ ಪ್ರಮಾಣಪತ್ರ ಕೊಡುವ ತಪಾಸಣೆ ತಂಡ ಬರಲಿತ್ತು, ಇಂಥ ಹೊತ್ತಲ್ಲಿ ಅವಳು ರಜೆ ಹಾಕುವುದೆಂದರೆ ನನಗೇಕೋ ಗಂಟಲಲ್ಲಿ ಇಳಿಯಲಿಲ್ಲ.

"ಉಂಗುರ ಹುಡುಕೋವಾಗ ರಬ್ಬರ್ ಬಿರಡೆ ಕಾಣಿಸ್ತು. ಔಷಧಿ ಸೀಸೆದು ಸಿಂಕಿಗೆ ಯಾಕೆ ಬರುತ್ತೆ?" ಎಂದೆ, ಏನೂ ಅರಿಯದ ಮುದುಕಿಯಂತೆ.

"ಅದಾ? ರೋಗಿಗೆ ಕೊಟ್ಟು ಮಿಕ್ಕಿದ್ದನ್ನ ಸಿಂಕಿಗೆ ಸುರಿದು, ಸೀಸೆ ಒಣಗಿಸಿ ಕಸದ ಚೀಲಕ್ಕೆ ಹಾಕ್ತೀವಿ. ಚೀಲ ಹಸಿ ಇದ್ರೆ ಮೆಟ್ಟಿಲ ಮೇಲೆಲ್ಲ ತೊಟ್ಟಿಕ್ಕುತ್ತೆ ಅಂತ ಸಿಸ್ಟರ್ ಬೈತಾರೆ. ಕತ್ತರೀಲಿ ಬಿರಡೆ ಮೀಟೋವಾಗ ಒಂದೊಂದು ಜಾರಿಬಿಡುತ್ತೆ. ಎರಡು ವರ್ಷದಿಂದ ಹಾಗೇ. ಬೇರೆ ವಾರ್ಡಿನೋರೂ ನಮ್ಮನ್ನ ನೋಡಿ ಕಲಿತಿದಾರೆ."

ಹೆಮ್ಮೆಯಿಂದಲೇ ಹೇಳಿದಳು. ನನಗೆ ಕಾಲ ಕೆಳಗಿನ ಆ ಹೊಳೆಯುವ ನೆಲದ ಮೇಲೆ ಉಗಿಯಬೇಕೆನ್ನಿಸಿತು.

ಎರಡು ವರ್ಷ! ಸೋಂಕು ಕೊಲ್ಲುವ ಮದ್ದನ್ನು ದಿನಾ ಗುಟುಕು ಗುಟುಕಾಗಿ ಆ ಕೊಳವೆಗೆ ಕುಡಿಸಿದ್ದಾರೆ. ಸಾಯುವಷ್ಟು ಕೊಟ್ಟಿದ್ದರೂ ಒಂದು ಮಾತಾಗಿತ್ತು. ಕೊಟ್ಟದ್ದು ಪಳಗುವಷ್ಟು. ಮೆತ್ತಗಿನವು ಸತ್ತು, ಗಟ್ಟಿಗಟ್ಟಿಯವೇ ಉಳಿದು, ಸಂಸಾರ ಬೆಳೆಸಿಕೊಂಡು, ಒಂದೊಂದು ಮದ್ದನ್ನೂ ಅರಗಿಸಿಕೊಳ್ಳುವುದನ್ನು ಕಲಿತಿವೆ. ಹೊರಗಡೆ ಬೀದಿಯ ಮೋರಿಯಲ್ಲೂ ಇಂಥ ಜೀವ ಹುಟ್ಟಲಾರದು. ಅದು ಹುಟ್ಟುವುದಕ್ಕೆ ಇಷ್ಟು ಅಚ್ಚುಕಟ್ಟಾದ ಜಾಗವೇ ಬೇಕಿತ್ತು.

"ಕಿತ್ತಳೆ ಬಣ್ಣದ ಬಿರಡೆ ಯಾವ ಮದ್ದಿಂದು?" ಎಂದೆ.

ಹುಡುಗಿಯ ಮುಖ ಬಿಳುಪೇರಿತು. ಜೇಬಿನಲ್ಲಿದ್ದ ಕೈ ಇನ್ನಷ್ಟು ಒಳಕ್ಕೆ ಹೋಯಿತು.

"ಭೇಟಿ ಸಮಯ ಮುಗೀತು," ಅಂದವಳೇ ಸರಕ್ಕನೆ ತಿರುಗಿ ಹೋದಳು.

ಉತ್ತರ ಮೂರನೇ ಮಂಚದ ಕಾಲ ಬಳಿ ತೂಗುಹಾಕಿದ್ದ ಕಾಗದದಲ್ಲಿತ್ತು. ಬೇರೆ ಯಾವುದಕ್ಕೂ ಬಗ್ಗದ ಸೋಂಕಿಗೆಂದು ಬೀಗ ಹಾಕಿದ ಕಪಾಟಿನಲ್ಲಿ ಇಡುವ ಮದ್ದೊಂದಿದೆ, ಆಸ್ಪತ್ರೆಯಲ್ಲಿ ಅದನ್ನು ಕೊನೆಯ ಮದ್ದು ಅಂತಲೇ ಕರೆಯುತ್ತಾರೆ. ಕಿತ್ತಳೆ ಬಿರಡೆ ಅದಕ್ಕೊಂದಕ್ಕೇ ಇರುವುದು. ಆರು ದಿನದಿಂದ, ಬೆಳಿಗ್ಗೆ ಎಂಟಕ್ಕೆ ಮೂರು ಸೀಸೆ, ರಾತ್ರಿ ಎಂಟಕ್ಕೆ ಮೂರು ಸೀಸೆ, ಟೈಲರಮ್ಮನ ತಮ್ಮನಿಗೆ ಕೊಟ್ಟಿರುವುದಾಗಿ ಸಾಲು ಸಾಲು ಗುರುತು, ಸಾಲು ಸಾಲು ಸಹಿ.

ಕಣ್ಣು ಮುಚ್ಚಿ ಮಲಗಿದ್ದವನನ್ನು ನೋಡಿದೆ. ಉಗುರಿನ ಸಂದಿಯಲ್ಲಿ ಇನ್ನೂ ಹಳದಿ ಬಣ್ಣ ಉಳಿದಿತ್ತು. ತೊಡೆಯ ಪಟ್ಟಿ ಆಗಲೇ ಹಸಿರಾಗಿ ಒದ್ದೆಯಾಗಿತ್ತು. ಅದೇ ದ್ರಾಕ್ಷಿಯ ವಾಸನೆ.

"ಬೆಳಿಗ್ಗೆ ಡಾಕ್ಟರು ಹೇಳಿದ್ರು," ಟೈಲರಮ್ಮ ಅವನ ಹಣೆ ಮುಟ್ಟುತ್ತಾ ಅಂದಳು. "ರಕ್ತದ ಒತ್ತಡ ಇಳೀತಿದೆಯಂತೆ. ಇವತ್ತು ಸಂಜೆಯೊಳಗೆ ಮದ್ದು ಹಿಡಿದ್ರೆ ಉಂಟು, ಇಲ್ಲಾಂದ್ರೆ ಮನೆಯೋರಿಗೆಲ್ಲ ಹೇಳಿಬಿಡಿ ಅಂದ್ರು. ಮನೆಯೋರು ಯಾರಿದಾರೆ ಮೇಡಂ? ನಾನೇ ಮನೆಯೋರು."

"ಆ ಮದ್ದು ಹಾಕೋದನ್ನ ನೀವು ಕಣ್ಣಾರೆ ನೋಡಿದೀರಾ?"

"ಇಲ್ಲ. ಅದಕ್ಕೆ ಬೆಳಕು ಆಗಲ್ವಂತೆ, ಬಾಟಲಿಗೆ ಒಂದು ಗವಸು ಹೊಲಿದು ಕೊಡಿ ಅಂದ್ರು. ಬಿದ್ದ ದಿನ ಇವನ ಪ್ಯಾಂಟು ಕತ್ತರಿಸಿ ತೆಗೆದಿದ್ರಲ್ಲ, ಅದರ ಕಾಲಿಂದಲೇ ಹೊಲಿದು ಕೊಟ್ಟೆ. ಇವನದೇ ಬಟ್ಟೆ, ಇವನಿಗೇ ಇರ್ಲಿ ಅಂತ. ಆಮೇಲೆ ಆ ಗವಸು ನನ್ನ ಕಣ್ಣಿಗೆ ಬಿದ್ದೇ ಇಲ್ಲ. ಕೇಳಿದ್ರೆ ಒಗೆಯೋಕೆ ಹೋಗಿದೆ ಅಂತಾರೆ. ಆರು ದಿನ ಒಗೀತಾರಾ ಮೇಡಂ ಒಂದು ಗವಸನ್ನ?"

ಮಂಚದ ಮೇಲಿನ ಬಾಟಲಿ ಬರಿಮೈಯಲ್ಲಿ ತೂಗುತ್ತಿತ್ತು. ಒಳಗೆ ಬರೀ ಸಲೈನ್ ಉಪ್ಪುನೀರು.

ಲ್ಯಾಬು ನೆಲಮಾಳಿಗೆಯಲ್ಲಿತ್ತು. ಅಲ್ಲಿಯ ಯಜಮಾನ ನನ್ನ ಶಿಷ್ಯ. ಇಪ್ಪತ್ತೆರಡು ವರ್ಷದ ಹಿಂದೆ ಮೊದಲ ಬೆಂಚಿನಲ್ಲಿ ಕೂತು ನನ್ನ ಮಾತನ್ನು ಅಕ್ಷರ ಬಿಡದೆ ಬರೆದುಕೊಳ್ಳುತ್ತಿದ್ದವನು, ಈಗ ತಲೆ ಬೋಳಾಗಿ ಹೊಟ್ಟೆ ಬಂದಿತ್ತು. ನನ್ನನ್ನು ಕಂಡು ಧಡಕ್ಕನೆ ಎದ್ದು ನಿಂತ.

ಡಬ್ಬಿಯನ್ನು ಅವನ ಮೇಜಿನ ಮೇಲೆ ಕುಕ್ಕಿದೆ. "ಮುಚ್ಚಳ ತೆಗೆದು ಮೂಸು."

ಮೂಸಿದ. "ಸೂಡೋಮೊನಾಸ್. ಹಸಿರು ಕೀವಿನ ರೋಗಾಣು. ಯಾವ ರೋಗಿದು ಮೇಡಂ?"

"ರೋಗಿದಲ್ಲ. ನಿನ್ನ ಐಸಿಯು ಸಿಂಕಿದು. ಪ್ರತಿ ತಿಂಗಳೂ ಸ್ವಚ್ಛವಾಗಿದೆ ಅಂತ ಸಹಿ ಹಾಕ್ತೀಯಲ್ಲ, ಅದೇ ಸಿಂಕು."

"ಸಿಂಕಿನ ಪರೀಕ್ಷೆ ತಪ್ಪಿಸಿಲ್ಲ ಮೇಡಂ. ನಲ್ಲಿ ತಿರುಪು, ಅಂಚು, ಗೋಡೆ ಹೆಂಚು ಎಲ್ಲಾ ಕಡೆಯಿಂದ್ಲೂ ಹತ್ತಿಕಡ್ಡಿ ಒರೆಸಿ ತರ್ತೀನಿ. ಏನೂ ಬೆಳೆಯಲ್ಲ."

"ತೂತು?"

ಗೋಡೆಯ ಕಡೆ ಬೆರಳು ತೋರಿಸಿದ.

ಅಲ್ಲೊಂದು ಹಳೆಯ ಕಾಗದವನ್ನು ಚೌಕಟ್ಟು ಹಾಕಿ ತೂಗಿಸಿದ್ದ. ನೆರಳಚ್ಚಿನ ನೆರಳಚ್ಚು, ಆದರೂ ಕೈಬರಹ ಗುರುತು ಸಿಕ್ಕಿತು. ಮಾದರಿ ತೆಗೆಯುವಾಗ ಪಾಲಿಸಬೇಕಾದ ನಿಯಮಗಳು. ಒಂಬತ್ತನೆಯದು: 'ಮೋರಿ, ಸಿಂಕಿನ ತೂತು ಬಿಟ್ಟುಬಿಡಿ. ರೋಗಾಣುಗಳು ಅಲ್ಲಿ ಇರದೆ ಇನ್ನೆಲ್ಲಿ ಇರುತ್ತವೆ? ಪರೀಕ್ಷೆಯ ಪ್ಲೇಟು ದಂಡ.'

ಬರೆದವಳು ನಾನು. ಅವತ್ತು ಇಡೀ ತರಗತಿ ನಕ್ಕಿತ್ತು, ನಾನೂ ನಕ್ಕಿದ್ದೆ. ನನ್ನ ಒಂದು ಹಾಸ್ಯದ ಮಾತನ್ನು ಈ ಮನುಷ್ಯ ಇಪ್ಪತ್ತೆರಡು ವರ್ಷ ಗೋಡೆಗೆ ನೇತುಹಾಕಿಕೊಂಡು ಪೂಜೆಯಂತೆ ನಡೆಸಿಕೊಂಡು ಬಂದಿದ್ದ. ಡಬ್ಬಿಯಲ್ಲಿದ್ದ ಲೋಳೆಗಿಂತ ನನ್ನ ಅಕ್ಷರವೇ ನನಗೆ ಹೆಚ್ಚು ಹೇಸಿಗೆ ತರಿಸಿತು.

ಆದರೆ ಅವನನ್ನು ಅಷ್ಟಕ್ಕೇ ಬಿಡುವ ಹಾಗಿರಲಿಲ್ಲ.

"ತೂತು ಬಿಡು ಅಂತ ಬರೆದದ್ದು ನಾನು, ಒಪ್ಪಿದೆ. ಸತ್ತವರ ಕೀವಿನಲ್ಲಿ ಏನೂ ಬೆಳೆದಿಲ್ಲ ಅಂತ ಬರೀ ಅಂತಲೂ ನಾನೇ ಹೇಳ್ಕೊಟ್ಟಿದ್ನೇನೋ?"

"ಮೇಡಂ, ಮೆತ್ತಗೆ ಮಾತಾಡಿ..."

"ಮೆತ್ತಗೆ ಮಾತಾಡಿದ್ದಕ್ಕೇ ನಾಲ್ಕು ಹೆಣ ಬಿದ್ದಿದೆ."

"ಆಸ್ಪತ್ರೆ ನಡೆಸೋ ದೊಡ್ಡ ಡಾಕ್ಟರು ಹೇಳಿದ್ರು. ತಪಾಸಣೆ ಮುಗಿಯೋವರೆಗೆ ಬಾಯಲ್ಲಿ ಹೇಳು, ಕಾಗದದಲ್ಲಿ ಬೇಡ ಅಂತ. ನಾನು ಪ್ರತಿ ಸಲ ಫೋನ್ ಮಾಡಿ ಹೇಳಿದೀನಿ ಮೇಡಂ. ಕೇಳೋರು ಕೇಳಿಸ್ಕೊಳ್ಲಿಲ್ಲ." ಬಾಗಿಲ ಕಡೆ ನೋಡಿದ. "ನನಗೂ ಹೆಂಡತಿ ಮಕ್ಕಳಿದಾರೆ."

"ಸತ್ತೋರಿಗೂ ಇದ್ರು ಕಣೋ."

ಕೂತುಬಿಟ್ಟ. ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. ಅಯ್ಯೋ ಎನ್ನಿಸಲಿಲ್ಲ. ಅಳುವ ಗಂಡಸರನ್ನು ನಾನು ಬೇಕಾದಷ್ಟು ಕಂಡಿದ್ದೇನೆ, ಹೆಚ್ಚಿನವರು ಅಳುವುದು ಸಿಕ್ಕಿಬಿದ್ದ ಮೇಲೆ.

"ಒಂದನ್ನೂ ಬಿಸಾಕಿಲ್ಲ ಮೇಡಂ," ಎಂದು ಎದ್ದು ಫ್ರಿಜ್ ತೆರೆದ. ಸತ್ತ ನಾಲ್ವರ ರೋಗಾಣುಗಳೂ ಸಣ್ಣ ಗಾಜಿನ ಕೊಳವೆಗಳಲ್ಲಿ ಸಾಲಾಗಿ ನಿಂತಿದ್ದವು. ಒಂದೊಂದಕ್ಕೂ ಚೀಟಿ ಅಂಟಿಸಿದ್ದ. ಕೆಳಗಿನ ತಟ್ಟೆಯಿಂದ ಎರಡು ಗಾಜಿನ ಪ್ಲೇಟು ತೆಗೆದು ನನ್ನ ಮುಂದಿಟ್ಟ. "ನಿನ್ನೆ ಹಚ್ಚಿದ್ದು. ಇವತ್ತು ಬೆಳಿಗ್ಗೆ ಓದಿದೆ. ನೀವೇ ನೋಡಿ."

ಆ ಪ್ಲೇಟು ಓದುವುದು ಕಷ್ಟವಲ್ಲ. ರೋಗಾಣುಗಳನ್ನು ಪ್ಲೇಟಿನ ತುಂಬ ಹುಲ್ಲುಹಾಸಿನಂತೆ ಬೆಳೆಸುತ್ತಾರೆ. ಮೇಲೆ ಒಂದೊಂದು ಮದ್ದಿನಲ್ಲಿ ಅದ್ದಿದ ಕಾಗದದ ಬಿಲ್ಲೆ ಇಡುತ್ತಾರೆ. ಯಾವ ಮದ್ದು ಕೊಲ್ಲುತ್ತದೋ ಅದರ ಬಿಲ್ಲೆಯ ಸುತ್ತ ಹುಲ್ಲು ಬೆಳೆಯದೆ ಬೋಳು ಉಂಗುರವಾಗುತ್ತದೆ.

ಮೊದಲ ಪ್ಲೇಟು ಟೈಲರಮ್ಮನ ತಮ್ಮನದು. ಹನ್ನೆರಡು ಬಿಲ್ಲೆಗಳಲ್ಲಿ ಹನ್ನೊಂದರ ಸುತ್ತ ಹುಲ್ಲು ದಟ್ಟವಾಗಿ, ಬಿಲ್ಲೆಯ ಅಂಚಿಗೇ ಬಂದು ನಿಂತಿತ್ತು. ಹನ್ನೊಂದು ಮದ್ದಿಗೂ ಅದು ಕ್ಯಾರೇ ಅಂದಿರಲಿಲ್ಲ. ಹನ್ನೆರಡನೆಯದು ಕೊನೆಯ ಮದ್ದು. ಅದರ ಸುತ್ತ ಮಾತ್ರ ರೂಪಾಯಿ ನಾಣ್ಯದಗಲದ ಬೋಳು ಉಂಗುರ.

ನನ್ನ ಎದೆ ಹಗುರಾಯಿತು. "ಅಂದ್ರೆ ಇವನಿಗೆ ಆ ಮದ್ದು ಇನ್ನೂ ಹತ್ತುತ್ತೆ."

"ಹತ್ತುತ್ತೆ ಮೇಡಂ. ಆದ್ರೆ ನೋಡಿ, ಆರು ದಿನ ಮದ್ದು ಹೋದ ಗಾಯದಲ್ಲಿ ಹುಲ್ಲು ಇಷ್ಟು ಸೊಂಪಾಗಿ ಬೆಳೆಯಲ್ಲ. ಈ ಗಾಯ ಆ ಮದ್ದಿನ ಮುಖಾನೇ ಕಂಡಿಲ್ಲ."

ಎರಡನೇ ಪ್ಲೇಟು ಮುಂದೆ ತಳ್ಳಿದ. ಅದೇ ಹಸಿರು, ಅದೇ ವಾಸನೆ. ಹನ್ನೆರಡನೇ ಬಿಲ್ಲೆಯ ಸುತ್ತ ಉಂಗುರ ಕೂದಲೆಳೆಯಷ್ಟೇ ಉಳಿದಿತ್ತು.

"ಇದು ಆರು ದಿನದಿಂದ ಮದ್ದು ತಿಂದು, ಈಗ ಅದನ್ನೂ ಅರಗಿಸಿಕೊಳ್ಳೋಕೆ ಶುರುಮಾಡಿದೆ," ಎಂದೆ. "ಯಾರದು?"

"ಹೆಸರಿಲ್ಲ. ದೊಡ್ಡ ಡಾಕ್ಟರೇ ಮುಚ್ಚಿದ ಲಕೋಟೆಯಲ್ಲಿ ಕಳಿಸಿದ್ದು. ಮೂರನೇ ಮಹಡಿ, ಏಳನೇ ಕೋಣೆ ಅಂತಷ್ಟೇ ಬರೆದಿತ್ತು. ಆ ಮಹಡಿ ಬಣ್ಣ ಹೊಡೆಯೋಕೆ ಮುಚ್ಚಿದಾರಲ್ಲ, ಅಲ್ಲಿ ಯಾರಿರ್ತಾರೆ ಅಂತ ನಾನೂ ಯೋಚನೆ ಮಾಡ್ದೆ." ಗಡಿಯಾರ ನೋಡಿಕೊಂಡ. "ಕೊನೆಯ ಮದ್ದಿನ ಹೊಸ ಪೆಟ್ಟಿಗೆ ನಾಳೆ ಬೆಳಿಗ್ಗೆ ಬರುತ್ತೆ. ಅಲ್ಲೀವರೆಗೂ ಕಪಾಟಿನಲ್ಲಿ ಇರೋದರಲ್ಲೇ ಹೇಗೋ ತಳ್ಳಬೇಕು."

ನಾನು ಎದ್ದೆ. ಬಾಗಿಲವರೆಗೆ ಬಂದವನು ಇನ್ನೊಂದು ಮಾತು ಕೇಳಿದ.

"ಮೇಡಂ, ಸಿಂಕಿನಲ್ಲಿ ಬಿರಡೆ ಏನಾದ್ರೂ ಸಿಕ್ತಾ?"

"ಹದಿನಾರು ಹದಿನೇಳು."

"ಕಿತ್ತಳೆ ಎಷ್ಟು?"

"ಎರಡು."

ತಲೆಯಾಡಿಸಿ ಒಳಗೆ ಹೋದ. ನನ್ನ ತಲೆಯ ತುಂಬ ಏಳನೇ ಕೋಣೆಯೇ ಇದ್ದುದರಿಂದ, ಅವನು ಅದನ್ನೇಕೆ ಕೇಳಿದನೆಂದು ನಾನು ಯೋಚಿಸಲಿಲ್ಲ. ಮೂಗು ಚುರುಕಿದ್ದರೆ ಸಾಲದು, ಕಿವಿಯೂ ಇರಬೇಕಿತ್ತು.

ಮೂರನೇ ಮಹಡಿಯ ಬಾಗಿಲಿಗೆ 'ಬಣ್ಣದ ಕೆಲಸ ನಡೆಯುತ್ತಿದೆ, ಪ್ರವೇಶವಿಲ್ಲ' ಎಂಬ ಹಲಗೆ ತೂಗುತ್ತಿತ್ತು. ಟೈಲರಮ್ಮ ಒಂದು ಸಲ ಉಸಿರೆಳೆದುಕೊಂಡಳು.

"ಬಣ್ಣದ ವಾಸನೆನೇ ಇಲ್ಲ ಮೇಡಂ. ಇಪ್ಪತ್ತು ವರ್ಷ ಬಣ್ಣದವನ ಬಟ್ಟೆ ಒಗೆದಿದೀನಿ, ನನಗೆ ಗೊತ್ತಾಗಲ್ವಾ?"

"ಪರವಾಗಿಲ್ವೇ, ನಿಮಗೂ ಒಂದು ಮೂಗಿದೆ."

ಅವಳು ನಗಲಿಲ್ಲ. ನಾವು ಒಳಗೆ ನಡೆದೆವು. ಖಾಲಿ ಕಾರಿಡಾರ್, ಮುಚ್ಚಿದ ಬಾಗಿಲುಗಳು. ಐದು ದಾಟಿದೆವು, ಆರು ದಾಟಿದೆವು. ಏಳರ ಮುಂದೆ ನಿಂತಾಗ ಬಾಗಿಲ ಸಂದಿಯಿಂದ ಅದೇ ಕೊಳೆತ ಸಿಹಿ ವಾಸನೆ ಬಂತು. ನಾನು ತಟ್ಟದೆಯೇ ಬಾಗಿಲು ತಳ್ಳಿದೆ.

ಮಂಚದ ಮೇಲೆ ಒಬ್ಬ ಹೆಂಗಸು ಮಲಗಿದ್ದಳು. ಐವತ್ತರ ಆಸುಪಾಸು. ಬಲಗೈ ಬೆರಳಿನಿಂದ ಮೊಣಕೈವರೆಗೆ ಊದಿ ಬಿರಿಯುವಂತಿತ್ತು, ಸುತ್ತಿದ ಬಟ್ಟೆ ಹಸಿರಾಗಿತ್ತು. ಆದರೂ ಹೊದಿಕೆಯ ಮಡಿಕೆ ಚೂರೂ ಸೊಟ್ಟಗಾಗಿರಲಿಲ್ಲ. ಮೇಜಿನ ಮೇಲೆ ಒಂದು ಧೂಳಿನ ಕಣವಿರಲಿಲ್ಲ. ನೆಲದಲ್ಲಿ ನನ್ನ ಮುಖ ಕಾಣುತ್ತಿತ್ತು.

"ಕನ್ನಡಿ ಸಿಸ್ಟರ್!" ಟೈಲರಮ್ಮನ ಬಾಯಿಂದ ಹೊರಟಿತು.

ಮರುಗಳಿಗೆ ಅವಳ ಕಣ್ಣು ಮೇಲಕ್ಕೆ ಹೋಯಿತು. ಮಂಚದ ಪಕ್ಕದ ಕಂಬಿಗೆ ನೇತುಹಾಕಿದ್ದ ಬಾಟಲಿಗೆ ಗವಸು ಹಾಕಿತ್ತು. ಖಾಕಿ ಬಟ್ಟೆ, ಅಂಚಿಗೆ ಎರಡು ಸುತ್ತಿನ ಹೊಲಿಗೆ, ಮಧ್ಯದಲ್ಲಿ ಹಳದಿ ಬಣ್ಣದ ಕಲೆ.

"ಇದು ನನ್ನ ತಮ್ಮನ ಪ್ಯಾಂಟು," ಅಂದಳು. ಕೂಗಲಿಲ್ಲ. ಕೂಗಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಹತ್ತಿರ ಹೋಗಿ ಗವಸಿನ ಮೇಲೆ ಕೈಯಿಟ್ಟಳು. "ಅವನ ಮದ್ದು ಆರು ದಿನದಿಂದ ನೀವು ಕುಡೀತಿದೀರಾ?"

ಸಿಸ್ಟರ್ ಎದ್ದು ಕೂರಲು ನೋಡಿದಳು, ಆಗಲಿಲ್ಲ.

"ನನಗೆ ಗೊತ್ತಿರ್ಲಿಲ್ಲಮ್ಮಾ. ಸಿಂಕಿನ ತೂತು ತಿಕ್ಕೋವಾಗ ತಂತಿ ಚುಚ್ಚಿತು, ಎರಡು ದಿನಕ್ಕೆ ಕೈ ಹೀಗಾಯ್ತು. ಮುಖ್ಯ ದಾದಿಗೇ ಸೋಂಕು ಅಂತ ಗೊತ್ತಾದ್ರೆ ಪ್ರಮಾಣಪತ್ರ ಹೋಗುತ್ತೆ, ಯಾರಿಗೂ ಹೇಳಬೇಡ ಅಂತ ದೊಡ್ಡ ಡಾಕ್ಟರು ಇಲ್ಲಿ ಮಲಗಿಸಿದ್ರು. ಮದ್ದು ನನಗೇ ತರಿಸಿದ್ದು ಅಂದ್ಕೊಂಡಿದ್ದೆ." ಉಸಿರು ಸಿಕ್ಕದೆ ನಿಂತಳು. "ನಿನ್ನೆ ಸಂಜೆ ಈ ಗವಸಿನ ಮೇಲಿನ ಕಲೆ ಕಾಣಿಸ್ತು. ನಮ್ಮ ಆಸ್ಪತ್ರೇಲಿ ಕಲೆ ಇರೋ ಬಟ್ಟೆ ಎಲ್ಲಿಂದ ಬಂತು ಅಂತ ಚಿಕ್ಕವಳನ್ನ ಗದರಿದೆ. ಎಲ್ಲಾ ಹೇಳಿ ಅತ್ತುಬಿಟ್ಟಳು."

ಟೈಲರಮ್ಮ ಗವಸನ್ನು ಮೇಲೆತ್ತಿದಳು. ಒಳಗಿನ ಬಾಟಲಿಯಲ್ಲಿ ಬರೀ ಉಪ್ಪುನೀರಿತ್ತು.

"ಇವತ್ತು ಬೆಳಿಗ್ಗೆ ಎಂಟಕ್ಕೆ ಸೀಸೆಗಳಲ್ಲೇ ಮದ್ದಿಗೆ ನೀರು ಬೆರೆಸಿ ತಂದಳು. ಕಪಾಟಿನಲ್ಲಿ ಉಳಿದಿದ್ದೇ ಅಷ್ಟು. ನನಗೆ ಬೇಡ, ಮೂರನೇ ಮಂಚಕ್ಕೆ ತಗೊಂಡೋಗು ಅಂತ ವಾಪಸ್ ಕಳಿಸಿದೆ."

ಟೈಲರಮ್ಮ ನನ್ನ ಕಡೆ ತಿರುಗಿದಳು. ವಾರದಿಂದ ಕಾಣದ ಬೆಳಕು ಅವಳ ಮುಖದಲ್ಲಿ ಕಂಡಿತು. "ಹಾಗಾದ್ರೆ ಕೊಟ್ಟಿರ್ತಾಳೆ ಅಲ್ವಾ ಮೇಡಂ? ಬೆಳಿಗ್ಗೇನೇ ಕೊಟ್ಟಿರ್ತಾಳೆ."

ನನ್ನ ಕೈಚೀಲ ಮಣಭಾರವಾಯಿತು. ಸುಳ್ಳು ಹೇಳಿ ಆ ಬೆಳಕನ್ನು ಉಳಿಸಬಹುದಿತ್ತು, ಆದರೆ ಹೊತ್ತು ಇರಲಿಲ್ಲ. ಪೊಟ್ಟಣ ತೆಗೆದು ಹೊದಿಕೆಯ ಮೇಲಿಟ್ಟೆ. ಕಿತ್ತಳೆ ಬಣ್ಣದ ಎರಡು ಬಿರಡೆ.

ಸಿಸ್ಟರ್ ಅವನ್ನೇ ನೋಡುತ್ತಾ ಇದ್ದಳು. ಅವಳ ತುಟಿ ಬಿಳಿಚಿತು.

"ನಾನೇ ಕಲಿಸಿದ್ದು," ಎಂದಳು. "ಒಬ್ಬರಿಗೆ ಅಂತ ಬೆರೆಸಿದ್ದು ಇನ್ನೊಬ್ಬರಿಗೆ ಕೊಡಬಾರದು. ರೋಗಿ ಬೇಡ ಅಂದ್ರೆ ಸಿಂಕಿಗೆ ಸುರಿ. ಚೀಲ ಹಸಿ ಆಗಬಾರದು. ಬಾಯಿಪಾಠ ಮಾಡಿಸಿದೀನಿ ಅವಳಿಗೆ."

ಟೈಲರಮ್ಮ ಮಂಚದ ಕಂಬಿ ಹಿಡಿದುಕೊಂಡಳು. ನನಗೆ ಆ ಹೊಳೆಯುವ ಕೋಣೆ, ಆ ಮಡಿಕೆ, ಆ ನೆಲ, ಗೋಡೆಗೆ ತೂಗುಬಿದ್ದ ನನ್ನ ಒಂಬತ್ತನೇ ನಿಯಮ ಎಲ್ಲವೂ ಒಟ್ಟಿಗೆ ಗಂಟಲಿಗೆ ಬಂದು ವಾಕರಿಕೆಯಾಯಿತು. ನಾವೆಲ್ಲ ಎಷ್ಟು ಶುಚಿಯಾದ ಜನ!

"ಎರಡೇನಾ?" ಸಿಸ್ಟರ್ ಥಟ್ಟನೆ ಕೇಳಿದಳು. ಎಡಗೈಯಿಂದ ಪೊಟ್ಟಣ ತಿರುಗಿಸಿ ನೋಡಿದಳು. "ನಾನು ಕೆಳಗೆ ಕಳಿಸಿದ್ದು ಮೂರು ಸೀಸೆ."

"ಕೊಳವೆಯಲ್ಲಿ ಇದ್ದದ್ದನ್ನೆಲ್ಲ ತೆಗೆದಿದೀನಿ. ಎರಡೇ ಇದ್ದದ್ದು."

"ಕಿತ್ತಳೆ ಬಿರಡೆ ಸಣ್ಣದು, ಮೀಟಿದ್ರೆ ಜಾರದೆ ಇರಲ್ಲ. ಹಾಗಿದ್ರೆ ಒಂದನ್ನ ಸುರಿದಿಲ್ಲ. ಒಂದೇ ಸೀಸೆ ಹೋದ್ರೂ ನಾಳೆ ಬೆಳಿಗ್ಗೆವರೆಗೆ ಜೀವ ಹಿಡಿಯುತ್ತೆ." ಅವಳ ದನಿಯಲ್ಲಿ ಮತ್ತೆ ಮುಖ್ಯ ದಾದಿಯ ಗತ್ತು ಬಂತು. "ಆದ್ರೆ ಬೆರೆಸಿದ ಮೇಲೆ ಆರೇ ಗಂಟೆ. ಎರಡು ಹೊಡೆದ್ರೆ ಅದೂ ಒಂದೇ, ನಲ್ಲಿ ನೀರೂ ಒಂದೇ. ಓಡಿ!"

ಗೋಡೆಯ ಗಡಿಯಾರದಲ್ಲಿ ಒಂದು ಇಪ್ಪತ್ತೈದು.

ಟೈಲರಮ್ಮನ ಚಪ್ಪಲಿ ಸದ್ದು ಆಗಲೇ ಮೆಟ್ಟಿಲಿನಲ್ಲಿತ್ತು. ನಾನೂ ಕಾರಿಡಾರಿಗೆ ಓಡಿಬಂದೆ. ಮಾತಾಡುವಷ್ಟು ಹೊತ್ತೂ ಜೇಬಿನಿಂದ ಹೊರಗೆ ಬರದಿದ್ದ ಆ ಹುಡುಗಿಯ ಬಲಗೈ ಕಣ್ಣಿಗೆ ಕಟ್ಟಿತು. ಅವಳಿಗೆ ಸುರಿಯಲು ಮನಸ್ಸು ಬಂದಿರಲಿಲ್ಲ. ಎರಡನ್ನು ಸುರಿದು, ಮೂರನೆಯದನ್ನು ಜೇಬಿಗಿಳಿಸಿರಬೇಕು.

ಮೆಟ್ಟಿಲ ತಿರುವಿನ ಕಿಟಕಿಯಿಂದ ಹಿಂದಿನ ಅಂಗಳ ಕಾಣುತ್ತಿತ್ತು. ಚಿಕ್ಕ ಸಿಸ್ಟರ್ ಅಲ್ಲಿದ್ದಳು. ಮನೆಗೆ ಹೊರಟವಳಂತೆ ಕೋಟು ಕಳಚಿ ತೋಳಿನ ಮೇಲೆ ಹಾಕಿಕೊಂಡಿದ್ದಳು. ಬಲಗೈ ಮುಷ್ಟಿ ಬಿಗಿಯಾಗಿತ್ತು.

ಅವಳ ಎದುರು ಒಬ್ಬ ಕೈ ಚಾಚಿ ನಿಂತಿದ್ದ. ಅವಳು ಎರಡು ಸಲ ತಲೆ ಅಡ್ಡಡ್ಡ ಆಡಿಸಿದಳು, ಕೊನೆಗೆ ಮುಷ್ಟಿ ಬಿಚ್ಚಿದಳು. ಅವನು ಸೀಸೆಯನ್ನು ಬಿಸಿಲಿಗೆ ಎತ್ತಿ ಹಿಡಿದು ನೋಡಿದ. ಬೆಳಕು ಬೀಳಬಾರದ ಮದ್ದನ್ನು ಹಾಗೆ ಹಿಡಿದವನು ಅದು ಗೊತ್ತಿಲ್ಲದವನೇನಲ್ಲ, ಅದು ಮೂರನೇ ಮಂಚ ತಲುಪುವುದು ಅವನಿಗೆ ಬೇಕಿರಲಿಲ್ಲ. ಆ ಬೋಳು ತಲೆಯನ್ನು ನಾನು ಮೂರು ಮಹಡಿ ಮೇಲಿನಿಂದಲೂ ಗುರುತು ಹಿಡಿದೆ.

"ಕಿತ್ತಳೆ ಎಷ್ಟು?" ಎಂದು ನನ್ನ ಶಿಷ್ಯ ಕೇಳಿದ್ದು ಆಗ ನೆನಪಾಯಿತು. ಮೂರನೇ ಸೀಸೆ ಸುರಿಯದೆ ಉಳಿದಿದೆ ಎಂದು ಅವನಿಗೆ ತಿಳಿಸಿದವಳು ನಾನೇ.